ಪುಸ್ತಕ ಬಂತಾ, ಅಳಿಯಂದ್ರೆ?

ಇದನ್ನು ಬರೆಯುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಮೊದಲು ಕೊಬ್ಬರಿ ಹರಾಜಿನ ಗಲಾಟೆ ಮುಗಿಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ನಿಧಾನವಾಗಿ ಬರೆಯೋಣ ಅಂದುಕೊಂಡೆ. ಪೊರೆ ತೆಗೆದ ಮೇಲೂ ಪೆನ್ನು ಹಿಡಿಯದೆ ಮತ್ತೊಂದು ವರ್ಷ ಕಳೆದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಚೆಂದ ಮಾಡಿ ಬರೆಯಲು ಬಾರದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅರಸೀಕೆರೆಯಲ್ಲಿ ನನ್ನದು ಕೊಬ್ಬರಿ ಮಂಡಿ. ಆ ವರ್ಷ ಮೊದಲ ಸಲ ಗಲ್ಫಿನ ಒಬ್ಬ ಖರೀದಿದಾರನಿಗೆ ನೇರವಾಗಿ ಒಂದು ಕಂಟೇನರ್ ಗಿಟುಕು ಕಳಿಸಿದ್ದೆ. ಗಿಟುಕು ಎಂದರೆ ಉಂಡೆ ಕೊಬ್ಬರಿ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಚಿಪ್ಪಿನೊಳಗೆ ಲೊಟಲೊಟ ಸದ್ದು ಬಂದ ಮೇಲೆ ಒಡೆಯಬೇಕು. ಆ ವರ್ಷ ಬೆಲೆ ಏರುತ್ತಿದ್ದುದರಿಂದ ಅಷ್ಟು ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಸರಿಯಾಗಿ ಒಣಗದ ಹಸಿ ಮಾಲೂ ಮಾರುಕಟ್ಟೆಯ ಯಾರ್ಡಿಗೆ ಬರುತ್ತಿತ್ತು. ಕಂಟೇನರ್ ತುಂಬಲು ಕೊರತೆ ಬಿದ್ದಾಗ ನಾನು ಅದನ್ನೇ ಕೊಂಡೆ. ಬೆಳ್ಳಗೆ ಕಾಣಲಿ ಎಂದು ಗಂಧಕದ ಹೊಗೆ ಹಾಕಿಸಿದೆ. ಒಳ್ಳೆಯ ಮಾಲಿನ ಚೀಲಗಳ ನಡುವೆ ಸೇರಿಸಿ ಹೊಲಿಸಿದೆ. ಗೊತ್ತಿದ್ದೇ ಮಾಡಿದ ಕೆಲಸ ಅದು.

ಮಾಲು ಅಲ್ಲಿನ ಬಂದರು ಮುಟ್ಟಿ ಸ್ವಲ್ಪ ದಿನಕ್ಕೆ ಖರೀದಿದಾರನ ಮ್ಯಾನೇಜರ್ ಫೋನ್ ಮಾಡಿದ. ಅವನು ಉತ್ತರ ಭಾರತದವನು, ಹಿಂದಿಯಲ್ಲಿ ಮಾತು. ಚೀಲಗಳಿಗೆ ಬೂಷ್ಟು ಹಿಡಿದಿದೆ, ಒಂದರಿಂದ ಒಂದಕ್ಕೆ ಹರಡುತ್ತಿದೆ ಎಂದ. ನೀವೇ ಬಂದು ಎದುರಿಗೆ ನಿಂತು ತಪಾಸಣೆ ಮಾಡಿಸಿ, ಕೆಟ್ಟದ್ದನ್ನು ಬೇರೆ ಮಾಡಿ, ಉಳಿದದ್ದಕ್ಕೆ ಒಂದು ದರ ಗೊತ್ತು ಮಾಡಿಕೊಳ್ಳಿ ಎಂದ. ಬೇಗ ಬರದಿದ್ದರೆ ಅಲ್ಲಿನ ಅಧಿಕಾರಿಗಳು ಪೂರಾ ಮಾಲನ್ನು ನಾಶ ಮಾಡಿಸುತ್ತಾರೆ, ಆಮೇಲೆ ನಮ್ಮ ಕಡೆಯಿಂದ ದೂರು ಹೋಗುತ್ತದೆ ಎಂದೂ ಸೇರಿಸಿದ.

ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ಹಿಂದೊಮ್ಮೆ ಮಂಡಿಯವರೆಲ್ಲ ಸೇರಿ ಸಿಲೋನಿಗೆ ಹೋಗಿಬರುವ ಮಾತಾಡಿದಾಗ ಮಾಡಿಸಿದ್ದು. ಪ್ರವಾಸ ಮಾತಿನಲ್ಲೇ ಉಳಿಯಿತು, ಪಾಸ್‌ಪೋರ್ಟ್ ಬೀರುವಿನಲ್ಲಿ ಉಳಿಯಿತು. ಅದನ್ನು ಹಿಡಿದು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ವೀಸಾ ಏಜೆಂಟನ ಮುಂದೆ ಇಟ್ಟೆ. ಅವನು ತೆರೆದು ನೋಡಿ ಮುಚ್ಚಿಬಿಟ್ಟ.

"ಸರ್‌ನೇಮ್ ಇಲ್ವಲ್ಲ ಸರ್."

"ನಮ್ ಕಡೆ ಅದೆಲ್ಲ ಇಲ್ಲ ಕಣಪ್ಪ. ಇನಿಷಿಯಲ್ ಐತೆ, ಬಿ.ಎಂ. ಅಂತ."

"ಇನಿಷಿಯಲ್ಲೂ ಹಾಕ್ಸಿಲ್ಲ ನೀವು. ಒಂದೇ ಹೆಸರಿರೋ ಪಾಸ್‌ಪೋರ್ಟಿಗೆ ಆ ದೇಶದವರು ವಿಸಿಟ್ ವೀಸಾ ಕೊಡಲ್ಲ. ಏರ್‌ಪೋರ್ಟಲ್ಲೇ ವಾಪಸ್ ಕಳಿಸ್ತಾರೆ. ಮೊದ್ಲು ಇದನ್ನ ಸರಿ ಮಾಡಿಸ್ಕೊಂಡು ಬನ್ನಿ."

ಬಿ ಎಂದರೆ ಬಾಣಾವರ, ನಾನು ಹುಟ್ಟಿದ ಊರು. ಎಂ ಎಂದರೆ ನಮ್ಮಪ್ಪನ ಹೆಸರು. ಎರಡೂ ಅಕ್ಷರ ಹೆಸರಿನ ಮುಂದೆ ಇಷ್ಟು ವರ್ಷ ಸುಮ್ಮನೆ ಕೂತಿದ್ದವು. ಅವುಗಳಿಗೆ ಬೆಲೆ ಇದೆ ಎಂದು ನನಗೆ ಅಂದೇ ಗೊತ್ತಾದದ್ದು.

ಇಲ್ಲಿಗೆ ನನ್ನ ಭಾಮೈದ ಬರುತ್ತಾನೆ. ನನ್ನ ಹೆಂಡತಿಯ ತಮ್ಮ, ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್. ಇಂಗ್ಲಿಷು, ಹಿಂದಿ, ತಮಿಳು ಮೂರರಲ್ಲೂ ಜನರನ್ನು ನಗಿಸುವವನು. ಮದುವೆಯಾಗಲಿಲ್ಲ. ಅವನೂ ಅವನ ತಾಯಿಯೂ ಅಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಮನೆಯಲ್ಲಿದ್ದರು. ಸುದ್ದಿ ತಿಳಿದ ದಿನವೇ ಅರಸೀಕೆರೆಗೆ ಬಂದು ನನ್ನ ಪಾಸ್‌ಪೋರ್ಟನ್ನು ತಿರುವಿ ನೋಡಿದ.

"ಭಾವ, ಇದು ನಮ್ ದೇವಸ್ಥಾನದ ವಿಗ್ರಹ ಇದ್ದಂಗೈತೆ. ಮುಂಡ ಐತೆ, ರುಂಡ ಇಲ್ಲ."

"ತಮಾಷೆ ಸಾಕು ಕಣೋ. ನಿಂದು ಹೆಂಗೆ ಮಾಡ್ಸಿದೀಯ?"

"ನಾನು ಫಾರಿನ್ನೋರ ಸಾವಾಸ ಮಾಡಿದೋನು. ಊರನ್ನೇ ಸರ್‌ನೇಮ್ ಮಾಡ್ಕೊಂಡೆ. ಮಿಸ್ಟರ್ ಹಳೇಬೀಡು! ನೀವು ಬಾಣಾವರ ಅಂತ ಮಾಡ್ಕೊಳಿ. ಇಬ್ರೂ ಒಟ್ಟಿಗೆ ನಿಂತ್ರೆ ಒಂದು ಬಸ್ ರೂಟ್ ಆಯ್ತದೆ."

ನನ್ನ ಹೆಂಡತಿ ಅಡಿಗೆಮನೆಯಲ್ಲಿ ನಗುತ್ತಿದ್ದದ್ದು ಕೇಳಿಸಿತು. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಹಾಗೆ ನಕ್ಕದ್ದು ನೆನಪಿಲ್ಲ.

ಅರ್ಜಿಯನ್ನು ಅವನೇ ತನ್ನ ಮೊಬೈಲಿನಲ್ಲಿ ತುಂಬಿದ. ಅದರ ಜೊತೆಗೆ ದಾಖಲೆ ಬೇಕಿತ್ತು. ಆಧಾರಿನಲ್ಲಿ ನನ್ನ ಇನಿಷಿಯಲ್ ಹೆಸರಿನ ಕೊನೆಗೆ ಬರೀ ಅಕ್ಷರವಾಗಿ ಇತ್ತು. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರು ಮಾತ್ರ ಬಿಡಿಸಿ ಬರೆದಿದ್ದರು, ಊರು ಇರಲಿಲ್ಲ. ಹಾಗಾಗಿ ನಾನು ಹೈಸ್ಕೂಲು ಓದಿದ ಬೇಲೂರಿಗೆ ಹೋಗಿ ಶಾಲೆಯ ದಾಖಲಾತಿಯ ನಕಲು ಕೇಳಿದೆ. ಆ ಹಳೇ ಪುಸ್ತಕ ಹುಡುಕಿಸಲು ಎರಡು ಮೂರು ಸಲ ಓಡಾಡಬೇಕಾಯಿತು. ಸಿಕ್ಕಿದಾಗ ಅದರಲ್ಲಿ ಬಾಣಾವರ ಎಂಬುದನ್ನು ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕಿ ಬರೆದಿದ್ದರು. ಅರ್ಜಿಯಲ್ಲಿ ನಾವು ವಿ ಹಾಕಿದ್ದೆವು. ಎರಡೂ ಒಂದೇ ಊರು, ಎರಡೂ ನಾನೇ ಎಂದು ಬೇಲೂರಿನ ಕೋರ್ಟಿನ ಹತ್ತಿರ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆ. ಪೇಪರಿನಲ್ಲಿ ಜಾಹೀರಾತು ಕೊಟ್ಟೆ. ಇಷ್ಟರಲ್ಲಿ ಮ್ಯಾನೇಜರ್ ಫೋನ್ ಮಾಡುವುದು ಹೆಚ್ಚಾಗಿ, ಸೇಠ್‌ಜೀ ಎನ್ನುವುದು ನಿಂತಿತ್ತು.

ಪಾಸ್‌ಪೋರ್ಟ್ ಕಚೇರಿಯಲ್ಲಿ ಫೋಟೊ, ಬೆರಳಚ್ಚು ಆಯಿತು. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ಅದಕ್ಕೆ ಬಂದ ಪೇದೆ ತಪ್ಪೇನೂ ಮಾಡಲಿಲ್ಲ. ನಾನೂ ಹೆಂಡತಿಯೂ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದು, ಬೀಗ ನೋಡಿ, ಎದುರಿನ ಟೀ ಅಂಗಡಿಯಲ್ಲಿ ನನ್ನ ಪೂರ್ತಿ ಹೆಸರು ಓದಿ ವಿಚಾರಿಸಿದ. ಅಂಥ ಹೆಸರಿನವರು ಈ ಬೀದಿಯಲ್ಲಿ ಯಾರೂ ಇಲ್ಲ ಎಂದು ಟೀ ಅಂಗಡಿಯವನು ಹೇಳಿದ. ಪಕ್ಕದ ಸೈಕಲ್ ಶಾಪಿನವನೂ ತಲೆಯಾಡಿಸಿದ. ಪೇದೆ ಹಾಗೆಯೇ ವರದಿ ಬರೆದು ಕಳಿಸಿದ.

ಗೊತ್ತಾದ ಮೇಲೆ ನಾನು ಟೀ ಅಂಗಡಿಗೆ ನುಗ್ಗಿದೆ. "ಏನ್ಲಾ, ದಿನಾ ನಿನ್ ಕೈಲಿ ಟೀ ಕುಡೀತೀನಿ. ನಾನೇ ಇಲ್ಲ ಅಂದ್ಬಿಟ್ಯಲ್ಲೋ?"

ಅವನು ಲೋಟ ಕೆಳಗಿಟ್ಟು ಬೆಪ್ಪಾಗಿ ನೋಡಿದ. "ಅಯ್ಯೋ ಗಿಟುಕಪ್ಪೋರೆ, ಅದು ನೀವು ಅಂತ ನಂಗೇನ್ ಗೊತ್ತು? ಅವರು ಯಾರೋ ಬಾಣಾವರ ಅಂತ ಕೊನೇಲಿ ಬರೋ ದೊಡ್ಡ ಮನುಷ್ಯನ ಹೆಸರು ಓದಿದ್ರು. ಗಿಟುಕಪ್ಪ ಎಲ್ಲವ್ರೆ ಅಂದಿದ್ರೆ ಮಂಡಿಗೇ ಕರ್ಕೊಂಡ್ ಬರ್ತಿದ್ದೆ."

ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ. ನಲವತ್ತು ವರ್ಷದಿಂದ ಅರಸೀಕೆರೆ ನನ್ನನ್ನು ಗಿಟುಕಪ್ಪ ಎಂದೇ ಕರೆಯುತ್ತಿತ್ತು, ನಾನೂ ಓ ಎನ್ನುತ್ತಿದ್ದೆ. ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಎಂಬ ವರದಿಗೆ ವಿವರಣೆ ಕೊಡಿ ಎಂದು ಪಾಸ್‌ಪೋರ್ಟ್ ಕಚೇರಿಯಿಂದ ಪತ್ರ ಬಂತು. ಬೆಂಗಳೂರಿಗೆ ಹೋಗಿ ಸಾಲಿನಲ್ಲಿ ನಿಂತೆ. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳಿಗೆ ಗಿಟುಕು ಎಂದರೇನು ಎಂಬುದರಿಂದ ಹಿಡಿದು ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಮತ್ತೊಮ್ಮೆ ಪೊಲೀಸ್ ವರದಿ ತರಿಸಬೇಕು, ಬೇರೆ ದಾರಿ ಇಲ್ಲ ಎಂದರು. ವಾಪಸು ಬರುವ ರೈಲಿನಲ್ಲಿ ಮ್ಯಾನೇಜರನ ಕೊನೆಯ ಫೋನು ಬಂತು. ತಪಾಸಣೆ ಇನ್ನು ನಿಲ್ಲುವುದಿಲ್ಲ, ಯಾರಾದರೂ ಬರಲೇಬೇಕು ಎಂದ.

ಯಾರಾದರೂ ಎಂಬ ಮಾತನ್ನು ಹಿಡಿದುಕೊಂಡು ನಾನು ರೈಲಿಳಿದೆ.

ಭಾಮೈದನನ್ನು ಕರೆಸಿದೆ. ಪಾಸ್‌ಪೋರ್ಟಿನಲ್ಲಿ ರುಂಡ ಮುಂಡ ಎರಡೂ ಇದ್ದದ್ದು ಅವನಿಗೆ. ಮಾಲು ತೋರಿಸುತ್ತಾರೆ, ನೋಡು, ಕೇಳಿದ್ದಕ್ಕೆ ಸಹಿ ಹಾಕು, ಬಂದುಬಿಡು ಎಂದೆ. ಅವನು ಸಂತೋಷದಿಂದಲೇ ಒಪ್ಪಿದ. ವಿಮಾನ ಹತ್ತಿ ಬಂದವರಿಗೆಲ್ಲ ಹಳೇಬೀಡು ತೋರಿಸಿದ್ದೇ ಹೊರತು ತಾನು ಎಂದೂ ಹತ್ತಿದವನಲ್ಲ.

ಅಧಿಕಾರಪತ್ರ ಬರೆಸುವಾಗ ವೀಸಾ ಏಜೆಂಟ್ ಒಂದು ಸಲಹೆ ಕೊಟ್ಟ. ಪ್ರತಿನಿಧಿ ಎಂದು ಬರೆದರೆ ಅಲ್ಲಿ ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಪಾಲುದಾರ ಎಂದು ಬರೆಯಿರಿ ಎಂದ. ಭಾಮೈದ ಆ ಸಾಲನ್ನು ಓದಿ ತಲೆ ಎತ್ತಿದ.

"ಏನ್ ಭಾವ, ಪಾರ್ಟ್‌ನರ್ ಮಾಡ್ಬಿಟ್ರಿ? ನಾಳೆ ಲಾಭದಲ್ಲೂ ಪಾಲು ಕೇಳ್ತೀನಿ."

"ಬರೀ ಮಾತಿಗೆ ಕಣೋ. ಹೋಗ್ಬಿಟ್ಟು ಬಾ."

ಹಸಿ ಮಾಲು ಸೇರಿಸಿದ್ದನ್ನು ಅವನಿಗೆ ಹೇಳಲಿಲ್ಲ. ಹಡಗಿನಲ್ಲಿ ಶೀತ ತಗುಲಿರಬೇಕು ಎಂದಿದ್ದೆ. ಅವನು ಅದನ್ನೇ ಅಲ್ಲಿಗೆ ಹೋಗಿ, ಎಲ್ಲರ ಎದುರಿಗೆ, ತನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ. ಅವರು ಚೀಲ ಬಿಚ್ಚಿ, ಗಿಟುಕು ಒಡೆದು, ಒಳಗಿನ ಹಸಿಯನ್ನು ತೋರಿಸಿದರು. ಗಂಧಕದ ಪರೀಕ್ಷೆಯ ಕಾಗದ ಮುಂದಿಟ್ಟರು. ಸುಳ್ಳು ಹೇಳಿದ ಪಾಲುದಾರ ಎಂದಾಯಿತು. ಖರೀದಿದಾರ ಮೋಸದ ದೂರು ಕೊಟ್ಟ. ಭಾಮೈದನ ಪಾಸ್‌ಪೋರ್ಟನ್ನು ಪೊಲೀಸರು ಇಟ್ಟುಕೊಂಡರು. ಕೇಸು ಮುಗಿಯುವವರೆಗೆ ಆ ದೇಶ ಬಿಡುವಂತಿಲ್ಲ ಎಂದರು.

ಅವನು ಫೋನ್ ಮಾಡಿದಾಗ ದನಿ ಗಟ್ಟಿಯಾಗಿಯೇ ಇತ್ತು. "ಭಾವ, ಇಲ್ಲಿ ವಕೀಲರನ್ನ ಕೇಳ್ದೆ. ಮಾಲು ನಂದು, ಇವನಿಗೆ ಇದರಲ್ಲಿ ಏನೂ ಇಲ್ಲ ಅಂತ ನೀವು ಬಂದು ಹೇಳಿಕೆ ಕೊಟ್ರೆ ನನ್ನ ಬಿಡ್ತಾರಂತೆ. ಪತ್ರ ಕಳಿಸಿದ್ರೆ ಆಗಲ್ವಂತೆ, ಎದುರಿಗೇ ಬರ್ಬೇಕಂತೆ."

"ಬಂದ್ರೆ ನನ್ನ ಇಟ್ಕೊಳ್ತಾರಾ?"

"ಇಟ್ಕೊಂಡ್ರೂ ಇಟ್ಕೊಳ್ಬೋದು ಭಾವ. ನೀವು ಮಾಲೀಕರಲ್ವಾ, ಮಾತಾಡಿ ಇತ್ಯರ್ಥ ಮಾಡ್ಕೊಬೋದು. ನಂಗೆ ಮಾತಾಡೋಕೆ ಏನೈತೆ?"

"ಪಾಸ್‌ಪೋರ್ಟ್ ಬಂದ ತಕ್ಷಣ ಹೊರಡ್ತೀನಿ" ಎಂದೆ. ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ.

ಅವತ್ತಿನಿಂದ ನಾನು ಓಡಾಡಿದ್ದು ನಿಜವಾದ ಓಡಾಟ. ಠಾಣೆಗೆ ಹೋಗಿ ಕಾದು ಕೂತೆ. ಟೀ ಅಂಗಡಿಯವನನ್ನೂ ಸೈಕಲ್ ಶಾಪಿನವನನ್ನೂ ಕರೆದುಕೊಂಡು ಹೋಗಿ, ಗಿಟುಕಪ್ಪನೂ ಈ ಹೆಸರಿನವನೂ ಒಬ್ಬನೇ ಎಂದು ಹೇಳಿಕೆ ಕೊಡಿಸಿದೆ. ಎರಡನೇ ವರದಿ ಸರಿಯಾಗಿ ಹೋಯಿತು. ಆಮೇಲೆ ಒಂದು ಮಧ್ಯಾಹ್ನ ಅಂಚೆಯವನು ಮಂಡಿಗೆ ಬಂದು, ಸಹಿ ಹಾಕಿಸಿಕೊಂಡು, ಲಕೋಟೆ ಕೊಟ್ಟುಹೋದ.

ತೆರೆದು ನೋಡಿದೆ. ಬಾಣಾವರ ಎಂದು ಸರ್‌ನೇಮಿನ ಜಾಗದಲ್ಲಿ ಅಚ್ಚಾಗಿತ್ತು. ಇಷ್ಟು ದಿನ ಕಾದದ್ದು ಕೈಯಲ್ಲಿತ್ತು. ಇನ್ನು ನನಗೂ ಆ ಪೊಲೀಸ್ ಠಾಣೆಗೂ ನಡುವೆ ಅಡ್ಡ ನಿಲ್ಲುವ ಕಾಗದ, ಕಚೇರಿ, ಪೇದೆ ಯಾವುದೂ ಇರಲಿಲ್ಲ. ನಾನು ಹೊರಡುವುದೊಂದೇ ಬಾಕಿ. ನನ್ನ ಸಕ್ಕರೆ ಕಾಯಿಲೆ ನೆನಪಾಯಿತು. ಭಾಷೆ ಬಾರದ ಊರಿನ ಲಾಕಪ್ಪು ಕಣ್ಣಿಗೆ ಬಂತು. ಹಸಿ ಮಾಲು ಕಳಿಸಿದ್ದನ್ನು ಒಪ್ಪಿಕೊಂಡರೆ ಯಾರ್ಡಿನಲ್ಲಿ ತಲೆ ಎತ್ತುವುದು ಹೇಗೆ ಎಂಬುದೂ ಬಂತು. ಲಕೋಟೆಯನ್ನು ಮಂಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ನಾಳೆ ಹೇಳೋಣ ಎಂದುಕೊಂಡೆ.

ಮನೆಗೆ ಬಂದಾಗ ಹೆಂಡತಿ ಕೇಳಿದಳು, "ಏನಾದ್ರೂ ಸುದ್ದಿ ಬಂತಾ ರೀ?"

"ಪೊಲೀಸ್ ರಿಪೋರ್ಟ್ ಮತ್ತೆ ಕೆಟ್ಟು ಹೋಗೈತಂತೆ" ಎಂದೆ. ಅವಳು ಆ ಪೇದೆಯನ್ನು ಬೈದಳು. ನಾನೂ ಜೊತೆಯಲ್ಲಿ ಬೈದೆ.

ಇಷ್ಟು ದಿನ ನನ್ನನ್ನು ಕಾಡಿದ ಕಚೇರಿಗಳೆಲ್ಲ ಆಮೇಲೆ ನನ್ನ ಪರವಾಗಿ ನಿಂತವು. ಸರ್ವರ್ ಇಲ್ಲ, ಸಾಹೇಬರು ರಜೆ, ಡಬ್ಲ್ಯೂ ಬಂದಿದೆ, ವಿ ಬಂದಿದೆ ಎಂದು ಏನು ಹೇಳಿದರೂ ಜನ ನಂಬುತ್ತಿದ್ದರು. ಎಲ್ಲರೂ ಒಂದಲ್ಲ ಒಂದು ಕಚೇರಿ ಅಲೆದವರೇ. ಅಯ್ಯೋ ಪಾಪ ಎನ್ನುತ್ತಿದ್ದರು.

ನಂಬಿಸಲು ಕಷ್ಟವಾಗುತ್ತಿದ್ದದ್ದು ಹಳೇಬೀಡಿನಲ್ಲಿ. ಮಗ ಹೋದ ಮೇಲೆ ಅತ್ತೆ ಒಬ್ಬರೇ. ರೇಷನ್ನು, ಮಾತ್ರೆ ತೆಗೆದುಕೊಂಡು ನಾನು ಆಗಾಗ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವರು ಬಾಗಿಲಲ್ಲೇ ಕೂತಿರುತ್ತಿದ್ದರು. ಪಾಸ್‌ಪೋರ್ಟ್ ಎನ್ನಲು ಬಾರದೆ ಅದನ್ನು ಪುಸ್ತಕ ಎನ್ನುತ್ತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು.

"ಪುಸ್ತಕ ಬಂತಾ, ಅಳಿಯಂದ್ರೆ?"

"ಇನ್ನೂ ಇಲ್ಲ ಅತ್ತೆ."

"ಬತ್ತದೆ ಬುಡಿ. ಕಾಲು ತೊಳ್ಕೊಳಿ, ಮುದ್ದೆ ಕೂಡುಸ್ತೀನಿ."

ಬೇಡವೆಂದರೂ ಬಿಡುತ್ತಿರಲಿಲ್ಲ. ನಾನು ಉಣ್ಣುವಾಗ ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದರು. ಮಗನ ಸುದ್ದಿಗೆ ಕಾಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಒಂದು ಸಲ ಇದ್ದಕ್ಕಿದ್ದಂತೆ, "ಭಯ ಆಯ್ತದಾ ಅಳಿಯಂದ್ರೆ, ಅಷ್ಟು ದೂರ ಹೋಗಕ್ಕೆ?" ಎಂದರು. "ಭಯ ಯಾಕೆ ಅತ್ತೆ, ಪುಸ್ತಕ ಬಂದ್ರೆ ನಾಳೆನೇ ಹೊರಟೆ" ಎಂದೆ. ಅವರು ಇನ್ನೊಂದು ಸೌಟು ಸಾರು ಬಿಟ್ಟರು.

ಭಾಮೈದನ ಫೋನುಗಳು ಗಿಡ್ಡವಾಗುತ್ತ ಬಂದವು. ಮೊದಲೆಲ್ಲ ಯಾವಾಗ ಬರ್ತೀರಿ ಎಂದು ಕೇಳುತ್ತಿದ್ದವನು ಕೇಳುವುದನ್ನೇ ಬಿಟ್ಟ. ನಮ್ಮ ಕರಾವಳಿ ಕಡೆಯಿಂದ ಬಂದ ಹೋಟೆಲ್ ಕೆಲಸದವರ ಕೋಣೆಯಲ್ಲಿ ಮಲಗುತ್ತೇನೆ, ಪಾತ್ರೆ ತೊಳೆಯುತ್ತೇನೆ ಎಂದಷ್ಟೇ ಹೇಳುತ್ತಿದ್ದ. ಅವನು ಕೇಳದಿದ್ದದ್ದು ನನಗೆ ಎಷ್ಟು ಹಗುರವಾಯಿತೆಂದರೆ, ಯಾಕೆ ಕೇಳುತ್ತಿಲ್ಲ ಎಂದು ಯೋಚಿಸಲೂ ಇಲ್ಲ.

ಅತ್ತೆ ಆ ಚಳಿಗಾಲದಲ್ಲಿ ಹೋದರು. ಜ್ವರ ಬಂತು, ಎದೆಗೆ ಇಳಿಯಿತು, ಹಾಸನಕ್ಕೆ ಸಾಗಿಸುವಷ್ಟರಲ್ಲಿ ಮುಗಿಯಿತು. ನಮ್ಮಲ್ಲಿ ಹೂಳುವುದು. ಗುಣಿಯಲ್ಲಿ ಕೂರಿಸಿದ ಮೇಲೆ ಮೊದಲು ಮಣ್ಣು ಹಾಕಬೇಕಾದವನು ಮಗ. ನೆಂಟರೊಬ್ಬರು ಮೊಬೈಲನ್ನು ಗುಣಿಯ ಅಂಚಿಗೆ ಹಿಡಿದು ಅವನಿಗೆ ತೋರಿಸಿದರು. ಆ ಸಣ್ಣ ಗಾಜಿನಲ್ಲಿ ಅವನ ಮುಖ ಗುರುತೇ ಹತ್ತದಷ್ಟು ಇಳಿದಿತ್ತು. ಅವನ ಪಾಲಿನ ಮಣ್ಣನ್ನು ನಾನು ಹಾಕಿದೆ. ಆಗ ಆ ನೆಂಟರು, "ನಿಮ್ ಪಾಸ್‌ಪೋರ್ಟ್ ಒಂದು ಬಂದಿದ್ರೆ ಇವತ್ತು ಅವನೇ ಇಲ್ಲಿ ನಿಂತಿರ್ತಿದ್ದ ಅಲ್ವಾ ಗಿಟುಕಪ್ಪೋರೆ? ಇನ್ನೂ ಬರ್ಲಿಲ್ವಾ?" ಎಂದರು.

"ಬಂದಿಲ್ಲ" ಎಂದೆ. ಮಣ್ಣು ಇನ್ನೂ ಕೈಯಲ್ಲಿತ್ತು. ಫೋನು ನನ್ನ ಕಡೆಗೇ ತಿರುಗಿತ್ತು.

ಆಮೇಲೆ ಖರೀದಿದಾರ ಕೇಳಿದ ನಷ್ಟವನ್ನು ಬ್ಯಾಂಕಿನ ಮೂಲಕ ಕಟ್ಟಿದೆ. ಅದಕ್ಕಾಗಿ ಬಾಣಾವರದ ತೋಟ ಮಾರಿಹೋಯಿತು. ಆ ದೇಶಕ್ಕೆ ಹೋಗುವುದಕ್ಕಿಂತ ದುಡ್ಡು ಕಟ್ಟುವುದು ನನಗೆ ಸುಲಭವಾಗಿತ್ತು. ಮೊದಲೇ ಯಾಕೆ ಕಟ್ಟಲಿಲ್ಲ ಎಂದರೆ, ಕಟ್ಟಿದರೆ ತಪ್ಪು ಒಪ್ಪಿದಂತೆ ಆಗುತ್ತದೆ ಎಂದು ಕಾಯುತ್ತಿದ್ದೆ. ದೂರು ಹಿಂದಕ್ಕೆ ಹೋಯಿತು, ಭಾಮೈದ ಊರಿಗೆ ಬಂದ. ದೇವಸ್ಥಾನದ ಹತ್ತಿರ ಮತ್ತೆ ಕೆಲಸ ಶುರು ಮಾಡಿದ. ಈಗಲೂ ಮಾಡುತ್ತಾನೆ, ನಗಿಸುವುದಿಲ್ಲ.

ಅವನು ಬಂದ ಹೊಸತರಲ್ಲಿ ಒಂದು ದಿನ ಹಳೇಬೀಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಕೆರೆಯ ಕಡೆಯ ಹುಲ್ಲಿನಲ್ಲಿ ಕೂತಿದ್ದೆವು. "ಪಾಸ್‌ಪೋರ್ಟ್ ಬಂದಿತ್ತು ಕಣೋ" ಎಂದೆ. "ತಪ್ಪಾಯ್ತು."

ಅವನು ತಿರುಗಿ ನೋಡಲಿಲ್ಲ. "ಗೊತ್ತು ಭಾವ."

"ಗೊತ್ತಾ?"

"ಅರ್ಜಿ ತುಂಬಿದೋನು ನಾನಲ್ವಾ? ಪಾಸ್‌ವರ್ಡ್ ನನ್ ಹತ್ರಾನೇ ಇತ್ತು. ದಿನಾ ಅಲ್ಲಿ ಕೂತು ಮೊಬೈಲಲ್ಲಿ ನೋಡ್ತಿದ್ದೆ, ಎಲ್ಲಿಗೆ ಬಂತು ಎಲ್ಲಿಗೆ ಬಂತು ಅಂತ. ತಲುಪಿದೆ ಅಂತ ತೋರಿಸ್ದಾಗ ನಾನೂ ಜೊತೇಲಿದ್ದ ಹುಡುಗ್ರೂ ಸ್ವೀಟ್ ತಿಂದ್ವಿ. ನಮ್ ಭಾವ ಇನ್ನೇನು ಬಂದ್ರು ಅಂತ."

"ಅಕ್ಕಂಗೆ ಹೇಳ್ಬೋದಿತ್ತಲ್ಲೋ" ಎಂದೆ.

"ಅಕ್ಕ ನಿಮ್ ಜೊತೆ ಬಾಳ್ಬೇಕಲ್ಲ, ಹೇಳ್ಲಿಲ್ಲ. ಅವ್ವಂಗೆ ಹೇಳಿದ್ದೆ. ಅವತ್ತೇ ಹೇಳಿದ್ದೆ. ಯಾರಿಗೂ ಹೇಳ್ಬೇಡ ಮಗಾ, ಅಳಿಯಂದ್ರು ಹೆದರವ್ರೆ, ಇವತ್ತಲ್ಲ ನಾಳೆ ಅವರ ಬಾಯಲ್ಲೇ ಬತ್ತದೆ, ನಾನು ಕೇಳ್ತಾ ಇರ್ತೀನಿ ಅಂದ್ಳು."

ಅವನು ಎದ್ದು, ಬಸ್ಸಿನಿಂದ ಇಳಿಯುತ್ತಿದ್ದ ಪ್ರವಾಸಿಗಳ ಕಡೆಗೆ ನಡೆದ. ನಾನು ಅಲ್ಲೇ ಕೂತಿದ್ದೆ.

ಅವನ ಹತ್ತಿರ ತಪ್ಪಾಯ್ತು ಎಂದದ್ದಾಯಿತು. ಅವನು ಒಪ್ಪಿದನೋ ಇಲ್ಲವೋ, ಅಂದದ್ದಂತೂ ಆಯಿತು. ಹೆಂಡತಿಗೆ ಈ ಹಾಳೆಗಳನ್ನೇ ಕೊಡುತ್ತೇನೆ. ಉಳಿದವರು ಒಬ್ಬರು. ಅವರು ಕೇಳಿದಷ್ಟೂ ಸಲ ಬಾಗಿಲು ತೆರೆದಿತ್ತು, ನಾನು ಒಳಗೆ ಹೋಗಿ ಉಂಡು ಕೈ ತೊಳೆದು ಬಂದೆ. ಅಳಿಯನಾದವನು ಅತ್ತೆಯ ಹೆಸರು ಹಿಡಿದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾದಂದಿನಿಂದ ಅವರನ್ನು ಮಣ್ಣು ಮಾಡುವವರೆಗೂ ನಾನು ಒಮ್ಮೆಯೂ ಹೇಳಿದವನಲ್ಲ, ಬರೆದವನಲ್ಲ. ಅತ್ತೆ ಎಂದು ಬರೆದು ಮುಗಿಸಿದರೆ ಅದು ಯಾರ ಅತ್ತೆಯೂ ಆಗಬಹುದು. ನಾನು ಕ್ಷಮೆ ಕೇಳದೆ ಉಳಿಸಿಕೊಂಡದ್ದು ಮಲ್ಲಾಜಮ್ಮನವರಲ್ಲಿ.